ಮೂರು ಮಿಲಿಮೀಟರ್ ಆಚೆಗೆ ಸೋದರಮಾವ

ಅಕ್ಕ ರೂಪಳ ಲಗ್ನಪತ್ರಿಕೆಯ ವಿನ್ಯಾಸ ನನ್ನದೇ ಎಂದು ಘೋಷಿಸಿದ ದಿನ, ಮಳವಳ್ಳಿಯ ನಮ್ಮ ಮನೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಬೇಕಿತ್ತು! ಕಾಲೇಜು ಸಂಚಿಕೆಗೆ ಮುಖಪುಟ ಮಾಡಿದ ಕೈ ಇದು. ಪತ್ರಿಕೆಯ ತುಂಬ ಎಳೆಗಬ್ಬಿನ ಗರಿಯ ಹಸಿರು ಹರಡಿ, ಪಿಡಿಎಫ್ ಮಾಡಿ ಮಂಡ್ಯದ ಪ್ರೆಸ್ಸಿಗೆ ಕಳಿಸಿದೆ.

ಮಾದರಿ ಪ್ರತಿ ಬಂತು. ಹಸಿರಿನ ಒಂದು ಬದಿಗೆ ದಾರದಂಥ ಬಿಳಿ ಗೆರೆ!

ಪ್ರೆಸ್ಸಿನ ಯತೀಶ್ ಫೋನಿನಲ್ಲೇ ನಕ್ಕರು. "ಬ್ಲೀಡೇ ಕೊಟ್ಟಿಲ್ವಲ್ಲ ಮೇಡಂ! ಬಣ್ಣ ಅಂಚಿಂದ ಆಚೆಗೂ ಮೂರು ಮಿಲಿಮೀಟರ್ ಹೋಗ್ಬೇಕು. ಆ ಹೆಚ್ಚಿಂದನ್ನ ನಾವು ಕತ್ತರಿಸಿ ಬಿಸಾಕ್ತೀವಿ. ಆಗ ಬಿಳಿ ಕಾಣಲ್ಲ."

ಮೂರು ಮಿಲಿಮೀಟರಿಗೆ ಸೋಲುವವಳೇ ನಾನು? ನಾಲ್ಕು ವಿಡಿಯೊ ನೋಡಿದೆ. ನಾಲ್ಕೂ ಬದಿಗೆ ಹಸಿರನ್ನು ಆಚೆಗೆಳೆದೆ. ರಾಜ್ಯದ ಗಡಿ ವಿಸ್ತರಿಸಿದ ರಾಣಿಗೂ ಅಷ್ಟು ಹೆಮ್ಮೆಯಾಗಿರಲಾರದು!

ಅಷ್ಟರಲ್ಲಿ ಅಜ್ಜಿ ಚಿಕ್ಕಬೋರಮ್ಮ ಬೆನ್ನ ಹಿಂದೆ ಬಂದು ನಿಂತರು. "ಸುಖಾಗಮನ ಬಯಸೋರಲ್ಲಿ ನಿಮ್ಮಪ್ಪನ ದಾಯಾದಿಗಳು ಒಬ್ರೂ ಬುಟ್ಟೋಗ್ಬಾರ್ದು ಕಣವ್ವ. ಬುಟ್ರೆ ಊಟದ ಪಂಕ್ತೀಲೇ ಜಗಳ!"

ದಿನಕ್ಕೊಬ್ಬ ಚಿಕ್ಕಪ್ಪ ಸೇರಿದರು. ಒಬ್ಬೊಬ್ಬರು ಸೇರಿದಾಗಲೂ ಪಟ್ಟಿಯ ಕೊನೆಯಲ್ಲಿದ್ದ ಸೋದರಮಾವ ಅಂಕಯ್ಯ ಒಂದೊಂದು ಸಾಲು ಕೆಳಗಿಳಿದರು. ನನಗೆ ಅದರ ಪರಿವೆಯೇ ಇಲ್ಲ. ಕಣ್ಣೆಲ್ಲ ಹಸಿರಿನ ಮೇಲೆ. ಪರದೆಯಲ್ಲಿ ಮಾವನ ಹೆಸರು ಕಾಣುತ್ತಿತ್ತಲ್ಲ, ಸಾಕು! ಬ್ಲೀಡ್ ಸಮೇತ ಕಳಿಸಿಯೇಬಿಟ್ಟೆ.

ಐನೂರು ಪತ್ರಿಕೆ ಬಂದವು. ಹುಡುಕಿದರೂ ಬಿಳಿ ಗೆರೆಯಿಲ್ಲ! ದೇವರ ಮುಂದಿಟ್ಟ ಮೇಲೆ ಮೊದಲ ಪತ್ರಿಕೆ ಸೋದರಮಾವನಿಗೇ ಸಲ್ಲಬೇಕು. ರೂಪಳನ್ನು ಹಸೆಗೆ ಕರೆತರುವವರೂ ಅವರೇ. ನಾನೂ ಅಮ್ಮನೂ ಮದ್ದೂರಿನ ಬಸ್ಸು ಹತ್ತಿದೆವು.

ಮಾವ ಕನ್ನಡಕ ಏರಿಸಿ, ಸಾಲುಸಾಲಿಗೂ ಬೆರಳಿಟ್ಟು ಓದಿದರು. ಬೆರಳು ಚಿಕ್ಕಪ್ಪಂದಿರನ್ನೆಲ್ಲ ದಾಟಿತು, ಹಸಿರನ್ನೂ ದಾಟಿತು, ಕೊನೆಗೆ ಗಾಳಿಯಲ್ಲಿ ನಿಂತಿತು.

"ನನ್ನೆಸ್ರು ಎಲ್ಲವ್ವ?"

"ಅದು... ಬ್ಲೀಡಲ್ಲಿ ಹೋಗಿದೆ ಮಾವ. ಅಂಚು ಚೆನ್ನಾಗಿ ಕಾಣ್ಲಿ ಅಂತ ಸುತ್ತ ಸ್ವಲ್ಪ ಹೆಚ್ಚಿಗೆ ಬಿಟ್ಟು ಕತ್ತರಿಸ್ತಾರೆ..."

"ಅಂದ್ರೆ, ಕತ್ತರಿಸಿ ಬಿಸಾಕೋ ಜಾಗ್ದಲ್ಲಿ ನನ್ನ ಕೂರ್ಸಿದ್ದೆ ಅನ್ನು!"

"ಮಾಡಿಟ್ಯಲ್ಲೇ!" ಅಮ್ಮ ತಲೆ ಮೇಲೆ ಕೈಹೊತ್ತರು. ಇನ್ನು ರೂಪಳನ್ನು ಹಸೆಗೆ ಕರೆತರುವವರು ಯಾರು?

"ಐನೂರನ್ನೂ ಮತ್ತೆ ಅಚ್ಚು ಹಾಕಿಸ್ತೀನಿ ಮಾವ!" ಎಂದೆ. ಛಲ ಮಾತ್ರ ಇನ್ನೂ ಇತ್ತು.

ಮಾವ ಪತ್ರಿಕೆಯನ್ನು ಮಡಚಿ ಜೇಬಿಗಿಟ್ಟುಕೊಂಡರು.

"ಬ್ಯಾಡ ಬುಡು. ಬತ್ತೀನಿ. ಮಗೀನ ನಾನೇ ಹಸೆಗೆ ಕರ್ಕೊಂಬತ್ತೀನಿ. ಆದ್ರೆ ಪೋಟ ತೆಗಿಯೋವಾಗ ನನ್ನ ನಡುಮಧ್ಯೆ ನಿಲ್ಸವ್ವ. ಬೇಕಾದ್ರೆ ಗಂಡು ಅಂಚಿಗೆ ನಿಂತ್ಕಳ್ಳಿ!"