ಯೇಸುವಿನ ಖಟ್ಲೆ ಮತ್ತು ನಮ್ಮ ಕಾಕಾ

ನಮ್ಮ ಕಾಕಾ ಒಬ್ಬರು ಒಪ್ಪಿಬಿಟ್ಟಿದ್ದರೆ ಧಾರವಾಡದಲ್ಲಿ ಯೇಸುಕ್ರಿಸ್ತನಿಗೆ ಯಾವ ತೊಂದರೆಯೂ ಇರುತ್ತಿರಲಿಲ್ಲ. ಕಾಕಾ ಒಪ್ಪಲಿಲ್ಲ. ಯೇಸು ದೇವರ ಮಗ ಹೌದೋ ಅಲ್ಲವೋ ಎಂಬ ತಕರಾರು ಅವರದಲ್ಲ, ಅದು ದೊಡ್ಡವರ ವಿಷಯ. ಅಂಥ ಮನುಷ್ಯನೊಬ್ಬ ಇದ್ದನೆನ್ನಲು ಪುರಾವೆ ಎಲ್ಲಿದೆ ಎಂಬುದಷ್ಟೇ ಅವರ ಪ್ರಶ್ನೆ.

ಮೂವತ್ತು ವರ್ಷ ಕೋರ್ಟಿನಲ್ಲಿ ಶಿರಸ್ತೇದಾರಿಕೆ ಮಾಡಿ ನಿವೃತ್ತರಾಗಿದ್ದ ಕಾಕಾನ ಲೋಕದಲ್ಲಿ ಕಾಗದವಿಲ್ಲದ್ದು ಯಾವುದೂ ಇರಲಿಲ್ಲ. ಒಮ್ಮೆ ಅಮ್ಮಿನಬಾವಿಯಿಂದ ಕಾಕೂನ, ಅಂದರೆ ಕಾಕಾನ ಹೆಂಡತಿಯ, ದೂರದ ತಮ್ಮನೊಬ್ಬ ಬಂದ. ಕಾಕಾ ಅವನನ್ನು ನೋಡಿರಲಿಲ್ಲ. ಗುರುತು ಹೇಳುವ ಇಬ್ಬರು ಸಿಗುವ ತನಕ ಕಟ್ಟೆಯ ಮೇಲೇ ಕೂರಿಸಿದರು.

‘ನಾ ಹೇಳಾಕತ್ತೇನಲ್ರಿ, ಅಂವ ನನ್ನ ತಮ್ಮ’ ಎಂದಳು ಕಾಕು.

‘ನೀ ಸಂಬಂಧಿಕಳು. ನಿನ್ನ ಸಾಕ್ಷಿ ನಡಿಯೂದಿಲ್ಲ.’

ಸಂಜೆ ಹೊತ್ತಿಗೆ ಸಾಕ್ಷಿಗಳೇನೋ ಬಂದರು. ಆ ತಮ್ಮನೋ ಮಧ್ಯಾಹ್ನದ ಚಕ್ಕಡಿಗೇ ವಾಪಸು ಹೋಗಿದ್ದ!

ಪಕ್ಕದ ಓಣಿಯಲ್ಲಿ ಮಿಶನ್ ಸಾಲೆಯ ಮಾಸ್ತರರೊಬ್ಬರಿದ್ದರು. ಅವರಿಗೂ ಕಾಕಾನಿಗೂ ಸುಮಾರು ಇಪ್ಪತ್ತು ವರ್ಷದ ಸ್ನೇಹ. ಪ್ರತಿ ಕ್ರಿಸ್‌ಮಸ್ಸಿಗೆ ಅವರು ಊಟಕ್ಕೆ ಕರೆಯುವುದು, ಕಾಕಾ ಹೋಗದಿರುವುದು, ಇದೇ ಪದ್ಧತಿ. ‘ಇದ್ದನೋ ಇಲ್ಲೋ ಗೊತ್ತಿಲ್ಲದಾವನ ಹುಟ್ಟಿದ ಹಬ್ಬದ ಊಟ ಹೆಂಗ ಉಣ್ಣಲಿ?’ ಎನ್ನುತ್ತಿದ್ದರು. ವಿಭೂತಿ ಹಚ್ಚಿಕೊಂಡವರು ಕಿರಿಸ್ತಾನರ ಮನೆಯಲ್ಲಿ ಉಂಡರೆ ಓಣಿಯವರು ಏನೆಂದಾರು ಎಂಬ ಅಂಜಿಕೆಗೆ ಇಷ್ಟು ಘನವಾದ ಕಾಯಿದೆಯ ಅಂಗಿ ತೊಡಿಸಿದವರು ನಮ್ಮ ಜಿಲ್ಲೆಯಲ್ಲಿ ಬೇರೆ ಇರಲಿಕ್ಕಿಲ್ಲ.

ಮೂವತ್ತರ ದಶಕದ ಕೊನೆಯಲ್ಲಿ ಮಾಸ್ತರರಿಗೆ ಗದಗಿಗೆ ವರ್ಗವಾಯಿತು. ‘ಇದು ಇಲ್ಲಿ ನಂದು ಕಡೇ ಕ್ರಿಸ್‌ಮಸ್ ರಿ. ಒಂದು ತುತ್ತು ಉಂಡು ಕಳಸ್ರಿ’ ಎಂದರು. ಕಾಕಾ ಕರಗಿದರು, ಆದರೆ ಕಾಯಿದೆ ಬಿಡಲಿಲ್ಲ.

‘ಪುರಾವೆ ಹಾಜರ ಮಾಡ್ರಿ. ಸಿದ್ಧ ಆತಂದ್ರ ಬರ್ತೇನಿ.’

ಹೀಗೆ ನಮ್ಮ ಪಡಸಾಲೆಯಲ್ಲಿ ಖಟ್ಲೆ ಶುರುವಾಯಿತು. ನ್ಯಾಯಾಧೀಶರು ಕಾಕಾ, ಎದುರು ವಕೀಲರೂ ಕಾಕಾ. ಅವರ ಮನೆಯಲ್ಲಿದ್ದು ಕಾಲೇಜು ಓದುತ್ತಿದ್ದ ನಾನು ಹೇಳಿಕೆ ಬರೆದುಕೊಳ್ಳುವ ಗುಮಾಸ್ತ. ಮಾಸ್ತರರು ಮೊದಲು ರೋಮಿನ ಒಬ್ಬ ಚರಿತ್ರಕಾರನನ್ನು ತಂದರು.

‘ಶಿಲುಬಿಗೆ ಹಾಕಿದಾಗ ಈ ಸಾಕ್ಷಿ ಹುಟ್ಟಿದ್ದನೇನ್ರಿ?’

‘ಇಲ್ರಿ.’

‘ಹಂಗಾರ ಇದು ಕೇಳಿದ ಮಾತು. ಮುಂದಿನವ್ನ ಕರೀರಿ.’

ಮುಂದಿನವನು ಯಹೂದಿ ಚರಿತ್ರಕಾರ. ಅವನ ಗ್ರಂಥದಲ್ಲಿ ಕೆಲವು ಸಾಲುಗಳನ್ನು ಆಮೇಲೆ ಯಾರೋ ಸೇರಿಸಿರಬಹುದು ಎಂದು ಪ್ರಾಮಾಣಿಕ ಮಾಸ್ತರರು ತಾವೇ ಹೇಳಿಬಿಟ್ಟರು. ಕಾಕಾ ಕನ್ನಡಕ ತೆಗೆದರು. ‘ತಿದ್ದಿದ ದಸ್ತಾವೇಜು ತಂದದ್ದಕ್ಕ ನಿಮ್ಮನ್ನ ಒಳಗ ಹಾಕಬೇಕಾಗಿತ್ತು. ಇರಲಿ, ಚಹಾ ಕುಡೀರಿ.’

ಉಳಿದದ್ದು ಯೇಸುವಿನ ಕಥೆ ಹೇಳುವ ನಾಲ್ಕು ಸುವಾರ್ತೆಗಳು. ಯೇಸು ಎದ್ದುಹೋಗಿ ಬರಿದಾದ ಗೋರಿಯ ಬಳಿ ಬಿಳಿ ಬಟ್ಟೆಯ ದೂತರು ಎಷ್ಟು ಜನ ಇದ್ದರು? ಎರಡು ಪುಸ್ತಕಗಳ ಪ್ರಕಾರ ಒಬ್ಬ, ಇನ್ನೆರಡರ ಪ್ರಕಾರ ಇಬ್ಬರು. ಕಾಕಾನಿಗೆ ಅಷ್ಟೇ ಸಾಕಾಯಿತು.

ಕ್ರಿಸ್‌ಮಸ್ಸಿನ ಹಿಂದಿನ ದಿನ ತೀರ್ಪು. ‘ಬರಕೋ. ಸರಕಾರಿ ದಾಖಲೆ ಇಲ್ಲ. ಸಾಕ್ಷಿಗಳ ಹೇಳಿಕಿಯೊಳಗ ಫರಕು ಐತಿ. ಇಂಥಾ ಮನುಷ್ಯಾ ಇದ್ದಾ ಅನ್ನೂದು ಸಿದ್ಧ ಆಗಿಲ್ಲ.’ ಮಾಸ್ತರರು ಪುಸ್ತಕಗಳನ್ನು ಗಂಟು ಕಟ್ಟತೊಡಗಿದರು.

ಕಾಕು ಚಹಾದ ತಟ್ಟೆ ಕೆಳಗಿಟ್ಟಳು. ‘ಹಂಗಾರ ನಮ್ಮ ಗಂಗವ್ವನ ಹೆಸರೂ ಅದರ ಕೆಳಗ ಬರಸ್ರಿ.’

ಗಂಗವ್ವ ಅವರಿಬ್ಬರ ಒಬ್ಬಳೇ ಮಗಳು. ಇನ್‌ಫ್ಲುಯೆಂಜಾ ಜ್ವರದ ವರ್ಷ, ಇಪ್ಪತ್ತು ವರ್ಷದ ಹಿಂದೆ, ಹತ್ತು ತಿಂಗಳಿಗೇ ಹೋದವಳು. ಹುಟ್ಟಿದಾಗ ಸರಕಾರಿ ದಾಖಲೆಯಲ್ಲಿ ನಾಳೆ ಬರೆಸಿದರಾಯಿತೆಂದು ಕಾಕಾ ಬಿಟ್ಟಿದ್ದರು. ಸತ್ತಾಗ ಬರೆದುಕೊಳ್ಳುವ ಗುಮಾಸ್ತನೇ ಜ್ವರದಲ್ಲಿ ಮಲಗಿದ್ದ. ಫೋಟೋ ಇಲ್ಲ. ಊರವರ ಕಾಗದಗಳನ್ನೆಲ್ಲ ಕಾಯ್ದ ಮನುಷ್ಯನ ಮಗಳ ಹೆಸರಿನಲ್ಲಿ ಒಂದು ಚೂರು ಕಾಗದವಿರಲಿಲ್ಲ.

‘ಎಲ್ಲೂ ಬರದಿಲ್ಲ. ಆಕಿನೂ ಇರಲಿಲ್ಲ ಅಂತ ಬರಸ್ರಿ’ ಎಂದಳು ಕಾಕು.

‘ಎರಡು ಹಲ್ಲು ಬಂದಿದ್ದುವು’ ಎಂದರು ಕಾಕಾ.

‘ಮೂರು’ ಎಂದಳು ಕಾಕು.

ಮಾಸ್ತರರು ಗಂಟಿನ ಮೇಲೆ ಕೈಯಿಟ್ಟರು. ‘ಎರಡ ರಿ. ಮೂರನೇದು ಮ್ಯಾಲಿನ ವಸಡಿನ್ಯಾಗ ಬೆಳ್ಳಗ ಕಂಡಿತ್ತು, ಅಷ್ಟ. ಮೊದಲ ಒಮ್ಮೆ ನನ್ನ ಬಟ್ಟು ಕಡದಿದ್ದಳು.’

ಉಳಿದದ್ದನ್ನು ಕಾಕು ನನಗೆ ಆಮೇಲೆ ಹೇಳಿದಳು. ಗಂಡ ಹೆಂಡತಿ ಇಬ್ಬರೂ ಜ್ವರದಲ್ಲಿ ಏಳಲಾಗದೆ ಬಿದ್ದಿದ್ದಾಗ, ನಮ್ಮವರು ಯಾರೂ ಬಾಗಿಲಿಗೆ ಬರದಿದ್ದಾಗ, ಆ ಕೂಸನ್ನು ಎತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದವರು ಈ ಮಾಸ್ತರರು. ಇಷ್ಟು ವರ್ಷ ಕಾಕಾ ಊಟಕ್ಕೆ ಹೋಗದೆ ಉಳಿದದ್ದು ಇಂಥವರ ಮನೆಗೆ. ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಕಾಕಾ ನನ್ನ ಕೈಯಿಂದ ಟಾಕು ತೆಗೆದುಕೊಂಡು ತೀರ್ಪಿನ ಮೇಲೆ ಅಡ್ಡಗೆರೆ ಎಳೆದರು. ಕೆಳಗೆ ತಮ್ಮ ದುಂಡನೆಯ ಅಕ್ಷರದಲ್ಲಿ ಬರೆದರು: ‘ಸಾಕ್ಷಿಗಳು ಮೂವರು. ಹೇಳಿಕೆಗಳಲ್ಲಿ ಒಂದು ಹಲ್ಲಿನಷ್ಟು ಫರಕು ಇದೆ. ಕೂಸು ಇದ್ದದ್ದು ಖರೆ.’

ಮರುದಿನ ಮಧ್ಯಾಹ್ನ ಮಾಸ್ತರರು ಒಳಗಿನ ಕೋಣೆಯಲ್ಲಿ, ಯಾರ ಕಣ್ಣಿಗೂ ಬೀಳದಂತೆ, ಎಲೆ ಹಾಕಿಸಿದ್ದರು. ಕಾಕಾ ಹೊಸ್ತಿಲಲ್ಲೇ ನಿಂತರು.

‘ಎಲಿ ಹೊರಗ ಕಟ್ಟಿ ಮ್ಯಾಲ ಹಾಕ್ರಿ, ಮಾಸ್ತರ. ನಾ ನಿಮ್ಮನ್ಯಾಗ ಉಂಡದ್ದಕ್ಕ ಸಾಕ್ಷಿ ಬೇಕಲ್ಲ.’