ಗಾಳಿಗಂಟೆಗೆ ಒಂದು ಮಾರು ತಂತಿ

"ಜೋರು ಗಾಳಿ ಎದ್ದ ತಕ್ಷಣ ತಾನಾಗೇ ಹೊಡ್ಕೊಳ್ಳೋ ಗಂಟೆ ಮಾಡ್ತೀನಿ, ನೋಡ್ತಿರು! ನೀನು ಓಡಿಹೋಗಿ ಪಾಲಿಹೌಸಿನ ಸುತ್ತಲಿನ ಪರದೆ ಇಳಿಸೋದೊಂದೇ ಬಾಕಿ!" ಎಂದು ಆವತಿ ಹಳ್ಳಿಯ ಕೆಂಪರಾಜ್ ಹೆಂಡತಿಯೆದುರು ಎದೆಯುಬ್ಬಿಸಿದ.

ಹೆಂಡತಿ ಜ್ಯೋತಿಲಕ್ಷ್ಮಿಗೆ ಗುಲಾಬಿ ಬೆಳೆಯುವ ಆ ಪ್ಲಾಸ್ಟಿಕ್ ಸೂರಿನ ಪಾಲಿಹೌಸೇ ಪ್ರಾಣ. ಕೆಂಪರಾಜನ ಪ್ರಾಣವೆಲ್ಲ ಮೋಟರ್ ಮನೆಯಲ್ಲಿ. ತಗಡು, ಕಬ್ಬಿಣ, ಬೆಸುಗೆ ಎಂದು ಅಲ್ಲೇ ಅವನ ಸಾಮ್ರಾಜ್ಯ.

"ಈ ತಿಂಗಳೊಳಗೆ ಗಂಟೆ ಹೊಡೀಲಿಲ್ಲ ಅಂದ್ರೆ ನಿಮ್ಮ ಗುಜರಿ ಎಲ್ಲಾ ಆಚೆಗೆ, ಗೊಬ್ಬರದ ಮೂಟೆ ಒಳಕ್ಕೆ!" ಎಂದಳು ಅವಳು.

ತಗಡಿನ ರೆಕ್ಕೆ ಸಿದ್ಧವಾಯಿತು, ಗುಜರಿಯಲ್ಲಿ ಸಿಕ್ಕ ಶಾಲೆಯ ಗಂಟೆಯೂ ಬಂತು. ಗಾಳಿ ತಳ್ಳಿದ ರೆಕ್ಕೆಯನ್ನು ವಾಪಸ್ಸೆಳೆದು ಗಂಟೆಗೆ ಬಡಿಸಲು ಒಂದು ಸ್ಪ್ರಿಂಗು, ಅದನ್ನು ಸುತ್ತಲು ಒಂದು ಮಾರು ಒಳ್ಳೆಯ ತಂತಿ. ಅಷ್ಟೇ! ಈ 'ಅಷ್ಟೇ'ಗಾಗಿ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆಯ ಹಾರ್ಡ್‌ವೇರ್ ಅಂಗಡಿಗಳನ್ನೆಲ್ಲ ಸುತ್ತಿದ್ದಾಯಿತು.

"ಇದು ಸ್ಪ್ರಿಂಗ್ ತಂತೀನಾ? ಬಗ್ಸಿದ್ರೆ ಬಗ್ಗೇ ಇರುತ್ತಲ್ರೀ!"

"ಗುರು, ನಿಮಗೆ ಬಗ್ಗೋದು ಬೇಕೋ, ಬಗ್ಗದೇ ಇರೋದು ಬೇಕೋ?"

"ಬಗ್ಗಿ, ವಾಪಸ್ ನೆಟ್ಟಗಾಗೋದು!"

"ಅಂಥಾ ಮಾಲು ಈಗ ಬರ್ತಿಲ್ಲ" ಎಂದು ಅಂಗಡಿಯವನು ಫೋನಿನೊಳಗೆ ಮುಳುಗಿದ.

ದಾಬಸ್‌ಪೇಟೆಯ ಕಾರ್ಖಾನೆಯೊಂದರಲ್ಲಿ ಅಸಲಿ ಮಾಲೇನೋ ಇತ್ತು. ಒಂದು ಟನ್ನಿಗಿಂತ ಕಡಿಮೆ ಕೊಡುವುದಿಲ್ಲವಂತೆ! ಒಂದು ಮಾರು ಕೇಳಿದ್ದಕ್ಕೆ ಗೇಟಿನವನು ತಾನು ನಕ್ಕಿದ್ದು ಸಾಲದೆ, ನಗಲು ಒಳಗಿನವರನ್ನೂ ಕರೆದ. ಆನ್‌ಲೈನಿನಲ್ಲಿ ತರಿಸಿದ್ದು ಒಣಗಲು ಹಾಕಿದ ಶಾವಿಗೆಯಂತೆ ಜೋತುಬಿತ್ತು.

ತಲೆಕೆಟ್ಟು ಪಾಲಿಹೌಸಿನಲ್ಲಿ ಕೂತು ಮೇಲೆ ನೋಡಿದ. ಸೂರಿನ ಪ್ಲಾಸ್ಟಿಕ್ ಹಾಳೆಯನ್ನು ಪಟ್ಟಿಯ ಸಂದಿಗೆ ಅದುಮಿ ಹಿಡಿದಿದ್ದ ಅಂಕುಡೊಂಕು ತಂತಿ! ಏಣಿ ಹತ್ತಿ ಬಗ್ಗಿಸಿ ಬಿಟ್ಟ. ಟಣ್ಣನೆ ವಾಪಸ್ಸಾಯಿತು! ಅದೂ ಎರಡೆರಡು ಎಳೆ. "ಒಂದು ಹಾಳೆಗೆ ಎರಡು ತಂತಿಯೇ? ಕಂಪನಿಯವರ ದುಂದು!" ಎಂದು ತೀರ್ಪು ಕೊಟ್ಟು ಒಂದೆಳೆ ಕಿತ್ತ. ಸುತ್ತಿದ ಸ್ಪ್ರಿಂಗು ತೀರಾ ಬಿಗಿಯಾಯಿತು. ಇನ್ನೊಂದು ಸಡಿಲವಾಯಿತು, ಮತ್ತೊಂದು ಮುರಿಯಿತು. ಗಂಟೆಗೆ ತೃಪ್ತಿಯಾಗುವ ಹೊತ್ತಿಗೆ ಸೂರಿನ ಒಂದು ಬದಿಯಿಡೀ ಒಂಟಿ ಎಳೆಯ ಮೇಲೆ ನಿಂತಿತ್ತು.

ಮರುದಿನ ಮಧ್ಯಾಹ್ನ ಗಾಳಿ ಎದ್ದಿತು. ಢಣಢಣ ಢಣಢಣ!

"ಹೊಡೀತು! ಹೊಡೀತು ಕಣೇ!" ಎಂದು ಕೆಂಪರಾಜ್ ಕುಣಿದ. ಜ್ಯೋತಿಲಕ್ಷ್ಮಿ ಪರದೆ ಇಳಿಸಲು ಓಡಿದಳು. ಮೇಲೆ ಹಾಳೆಯೇ ಕಿತ್ತುಕೊಂಡು ಪಟಪಟ ಬಡಿಯುತ್ತಿತ್ತು.

"ಅಲ್ಲಿದ್ದ ತಂತಿ ಎಲ್ರೀ?"

ಕೆಂಪರಾಜ್ ಗಂಟೆಯತ್ತ ನೋಡಿದ. ಅವಳೂ ನೋಡಿದಳು.

"ಹತ್ತಿ ಮೇಲಕ್ಕೆ! ನೀವೇ ಹಿಡ್ಕೊಳ್ಳಿ!"

ಗಾಳಿ ನಿಲ್ಲುವವರೆಗೂ ಪುಣ್ಯಾತ್ಮ ಏಣಿಯ ಮೇಲೆ ಸೊಂಟ ಬಗ್ಗಿಸಿ ಹಾಳೆಯನ್ನು ಅದುಮಿ ಹಿಡಿದ. ಗಂಟೆ ಹೊಡೆಯುತ್ತಲೇ ಇತ್ತು. ಅಂತೂ ಗುಲಾಬಿ ಉಳಿಯಿತು.

"ಗಂಟೆ ಹೊಡೀತು, ಕೊಟ್ಟ ಮಾತು ಮಾತೇ. ಮೋಟರ್ ಮನೆ ನಿಮ್ದೇ ಇರ್ಲಿ. ಇಳೀರಿ."

ಕೆಂಪರಾಜ್ ಇಳಿದ. ಸೊಂಟ ಮಾತ್ರ ಏಣಿಯ ಮೇಲೆ ಹೇಗಿತ್ತೋ ಹಾಗೇ ಇತ್ತು.

"ನೆಟ್ಟಗೆ ನಿಂತ್ಕೊಳ್ರೀ!"

"ಆಗ್ತಿಲ್ಲ ಕಣೇ!"

ಜ್ಯೋತಿಲಕ್ಷ್ಮಿ ಅವನನ್ನು ಒಂದು ಸುತ್ತು ಬಂದು ನೋಡಿದಳು. "ಬಗ್ಸಿದ್ರೆ ಬಗ್ಗೇ ಇರುತ್ತಲ್ರೀ ಇದು! ನಮ್ಮಪ್ಪ ಯಾವ ಅಂಗಡೀಲಿ ಆರಿಸ್ಕೊಂಡು ಬಂದ್ರೋ!"