ದರಕಿನ ಬೆಟ್ಟದಲ್ಲಿ ನನ್ನ ವಿದೇಶಾಂಗ ನೀತಿ

ಮೂವತ್ತು ವರ್ಷ ಪತ್ರಿಕೆಯೊಂದರಲ್ಲಿ ವಿದೇಶ ಸುದ್ದಿ ನೋಡಿಕೊಂಡವನಿಗೆ ಬೆಟ್ಟದಲ್ಲಿ ಒಣ ಎಲೆ, ಅಂದರೆ ನಮ್ಮ ಕಡೆಯ ದರಕು, ಗುಡಿಸುವುದು ಎಷ್ಟರ ಕೆಲಸ! ಈ ಮಾತನ್ನು ನಾನು ಬೆಳಿಗ್ಗೆ ಏಳು ಗಂಟೆಗೆ, ಚಹಾ ಕುಡಿಯುತ್ತ, ಪೂರ್ಣ ಎಚ್ಚರದಲ್ಲಿ ಹೇಳಿದೆ. ಇದಕ್ಕೆ ಸಾಕ್ಷಿಯೂ ಇದೆ. ಸಾಕ್ಷಿ ನನ್ನ ಹೆಂಡತಿ ಶಾರದಾ.

ಹಿನ್ನೆಲೆ ಹೀಗಿದೆ. ತ್ಯಾಗಲಿಯ ಹತ್ತಿರ ನಮ್ಮದು ಐದು ಮನೆಗಳ ಕೇರಿ. ಬೆಳೆಯ ದರ ಕುಸಿದ ವರ್ಷ ಕೂಲಿ ಕೊಟ್ಟು ಕೆಲಸ ಮಾಡಿಸುವ ಶಕ್ತಿ ಯಾರಿಗೂ ಉಳಿಯಲಿಲ್ಲ. ಆಗ ಪಕ್ಕದ ಮನೆಯ ಗಂಗಕ್ಕ, ಎಲ್ಲರೂ ಮರೆತಿದ್ದ ಮುಯ್ಯಾಳು ಪದ್ಧತಿಯನ್ನು ಮತ್ತೆ ಎಬ್ಬಿಸಿದಳು. ಇವತ್ತು ನಿಮ್ಮ ಕೆಲಸಕ್ಕೆ ನಾವು, ನಾಳೆ ನಮ್ಮ ಕೆಲಸಕ್ಕೆ ನೀವು. ಆಳಿಗೆ ಆಳು, ದಿನಕ್ಕೆ ದಿನ. ನಮ್ಮ ಮನೆಯ ಆಳು ಶಾರದಾ. ಅವಳ ಕಾಲು ಉಳುಕಿ, ಸಿದ್ದಾಪುರದ ವೈದ್ಯರು ಪಟ್ಟಿ ಸುತ್ತಿ ಕೂರಿಸಿದ್ದರು. ಅಷ್ಟರಲ್ಲಿ ಗಂಗಕ್ಕನ ಬೆಟ್ಟದ, ಅಂದರೆ ಕೊಟ್ಟಿಗೆಗೆ ದರಕು ಒದಗಿಸುವ ಅವಳ ಪಾಲಿನ ಕಾಡಿನ, ಸರದಿ ಬಂತು. ಮರುವಾರ ನಮ್ಮದು. ನಮ್ಮಿಂದ ಆಳು ಹೋಗದಿದ್ದರೆ ನಮ್ಮ ಮನೆ ಮುಯ್ಯಿಯಿಂದ ಹೊರಗೆ!

"ನಾನು ಹೋಗ್ತೇನೆ" ಎಂದೆ.

"ನೀವಾ?" ಶಾರದಾ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಅಡ್ಡಿಲ್ಲ. ಹೋಗಿ. ಆದ್ರೆ ಅಲ್ಲಿ ಭಾಷಣ ಎಲ್ಲ ಮಾಡಬೇಡಿ ಮಾರಾಯ್ರೆ."

ಅವಳ ಆತಂಕಕ್ಕೆ ಕಾರಣವಿತ್ತು. ಶಿರಸಿಯ ವಾರಪತ್ರಿಕೆಯೊಂದು ನನ್ನಿಂದ ಲೇಖನ ಕೇಳಿತ್ತು: ಆರ್ಥಿಕ ಕುಸಿತದ ನಂತರ ಜಗತ್ತಿಗೆ ಎಂಥ ವಿದೇಶಾಂಗ ನೀತಿ ಬೇಕು? ಮೂರು ದಿನದಿಂದ ನಾನು ಆ ಗುಂಗಿನಲ್ಲೇ ಇದ್ದೆ. ಸೋತ ದೇಶಕ್ಕೆ ಸಾಲದ ಜೊತೆ ಷರತ್ತುಗಳ ಪಟ್ಟಿ ಕಳಿಸುವುದನ್ನು ಜಗತ್ತು ಬಿಡಬೇಕು. ಕೊಡುವವನೂ ಪಡೆಯುವವನೂ ಒಂದೇ ಚಾಪೆಯಲ್ಲಿ ಕೂರಬೇಕು. ಏನು ಬೇಕೆಂದು ಹೇಳುವ ಹಕ್ಕು ಬೇಕಾದವನಿಗೇ ಇರಬೇಕು. ಇದು ನನ್ನ ಪ್ರಾಮಾಣಿಕ ನಂಬಿಕೆ, ಈಗಲೂ. ಗಂಗಕ್ಕನ ಮುಯ್ಯಿಯಲ್ಲಿ ನನಗೆ ಕಂಡದ್ದು ಇದೇ. ಜಗತ್ತಿಗೆ ಬೇಕಾದ ನೀತಿ ನಮ್ಮ ಕೇರಿಯಲ್ಲೇ ಸಿಕ್ಕಿತ್ತು. ಅದನ್ನು ಹತ್ತಿರದಿಂದ ನೋಡಿ ವರದಿ ಮಾಡುವುದಷ್ಟೇ ಬಾಕಿ!

ಬೆಟ್ಟ ತಲುಪಿದವನೇ ಮೊದಲು ಅಗತ್ಯಗಳ ಸಮೀಕ್ಷೆಗೆ ತೊಡಗಿದೆ.

"ಗಂಗಕ್ಕ, ನಿನಗೆ ನಿಜವಾಗಿ ಬೇಕಾದದ್ದು ಏನು?"

ಅವಳು ಪೊರಕೆ ನಿಲ್ಲಿಸಿದಳು. "ದರಕು ಬೇಕು, ಪೇಪರಣ್ಣ. ಬೆಟ್ಟಕ್ಕೆ ಬಂದು ಮತ್ತೆಂತ ಬೇಕು?"

ಬರೆದುಕೊಂಡೆ. ಸಮೀಕ್ಷೆ ಮುಗಿಯಿತು.

ಗುಡಿಸುವುದು ಇಷ್ಟು ಇಂಪಾದ ಕೆಲಸವೆಂದು ನನಗೆ ತಿಳಿದಿರಲಿಲ್ಲ. ಪೊರಕೆ ಎಳೆದಾಗ ಎಲೆಗಳು ಮೃದುವಾಗಿ ಸದ್ದು ಮಾಡಿ ಉರುಳುತ್ತಿದ್ದವು. ಬಿಸಿಲು ಮರಗಳ ನಡುವೆ ಸೋಸಿ ಇಳಿಯುತ್ತಿತ್ತು. ದೂರದಲ್ಲೆಲ್ಲೋ ಒಂದು ಹಕ್ಕಿ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿತ್ತು. ನಾನು ಗುಡಿಸುತ್ತ ಹೋದೆ. ಮುಂದೊಂದು ತಗ್ಗು, ಅದರ ತುಂಬ ಮೊಣಕಾಲುದ್ದ ದರಕು. ಎಂಥ ಸಂಪತ್ತು! ಇಷ್ಟು ದಿನ ಇದನ್ನು ಯಾರೂ ನೋಡಿಲ್ಲವೇ? ಅದನ್ನು ಬರಿದು ಮಾಡಿ ದಾಟಿದೆ. ಆಚೆಗೆ ಇನ್ನೂ ಹೆಚ್ಚಿತ್ತು. ನಾನು ರಾಶಿ ಮಾಡಿದಂತೆಲ್ಲ ಮುಯ್ಯಿಗೆ ಬಂದ ಉಳಿದ ಮನೆಗಳ ಹೆಂಗಸರು ಅದನ್ನು ಹಗ್ಗದ ಬಲೆಯಾದ ಕಲ್ಲಿಗೆ ತುಂಬಿ, ಹೊತ್ತು ಗಂಗಕ್ಕನ ಕೊಟ್ಟಿಗೆಗೆ ಸಾಗಿಸಿದರು. ಗುಡಿಸುವವನು ಎಲ್ಲಿ ನಿಂತಿದ್ದಾನೆಂದು ಹೊರುವವರು ನೋಡಲಿಲ್ಲ. ಪಾಪ, ಅವರು ನನ್ನನ್ನು ನಂಬಿದ್ದರು.

ಕೊನೆಯ ರಾಶಿಯ ಮೇಲೆ ಕ್ಷಣ ಹೊತ್ತು ಒರಗಿದೆ. ಅಷ್ಟೇ.

ಜಗತ್ತಿನ ದೇಶಗಳೆಲ್ಲ ದರಕಿನ ಮೇಲೆ ವೃತ್ತಾಕಾರವಾಗಿ ಕುಳಿತಿದ್ದವು. ಕುರ್ಚಿಗಳೇ ಇರಲಿಲ್ಲ, ಆದ್ದರಿಂದ ಎತ್ತರದ ಕುರ್ಚಿಗಾಗಿ ಜಗಳವೂ ಇರಲಿಲ್ಲ. ಬಲಿಷ್ಠ ದೇಶವೊಂದು ಪುಟ್ಟ ದ್ವೀಪದ ಕಡೆ ಬಾಗಿ, "ನಾಳೆ ನಿಮ್ಮಲ್ಲಿಗೆ ಎಷ್ಟು ಆಳು ಬೇಕು?" ಎನ್ನುತ್ತಿತ್ತು. ದಿವಾಳಿಯಾಗಿದ್ದ ದೇಶ ಎಲ್ಲರಿಗೂ ಬೆಲ್ಲ, ನೀರು ಕೊಡುತ್ತಿತ್ತು. ಎಲೆಗಳು ನಿಧಾನವಾಗಿ ಮೇಲಿನಿಂದ ಬಿದ್ದು ಗಡಿಗಳನ್ನೆಲ್ಲ ಮುಚ್ಚುತ್ತಿದ್ದವು. ನಾನು ಎದ್ದು ನಿಂತೆ. ಸಭೆ ಮೌನವಾಯಿತು.

"ಓಯ್! ಯಾರದು, ನನ್ನ ಬೆಟ್ಟದಲ್ಲಿ ಮಲಗಿದ್ದು?"

"ಸನ್ಮಾನ್ಯರೇ" ಎಂದೆ ನಾನು.

ಸನ್ಮಾನ್ಯರು ಆಚೆ ಬೆಟ್ಟದ ಮಂಜಪ್ಪ. ಕೈಯಲ್ಲಿ ಕತ್ತಿ ಇತ್ತು. ಅದು ಸೊಪ್ಪು ಕಡಿಯುವ ಕತ್ತಿ ಎಂಬುದು ನನಗೆ ಆಮೇಲೆ ತಿಳಿಯಿತು. ನಾನು ಸಂಪತ್ತೆಂದು ಬರಿದು ಮಾಡಿದ ತಗ್ಗು, ಎರಡು ಬೆಟ್ಟಗಳ ನಡುವಿನ ಗಡಿಯ ಅಗಳವಾಗಿತ್ತು!

"ನನ್ನ ದರಕು ಎಲ್ಲಿ?" ಎಂದ ಮಂಜಪ್ಪ.

ಪರಿಸ್ಥಿತಿ ಗಂಭೀರವಾಗಿತ್ತು. ತಂಟೆ ಬೆಳೆಯುವ ಮೊದಲು ಮಾತುಕತೆಯಲ್ಲಿ ಮುಗಿಸುವುದು ನನ್ನ ನೀತಿ. "ಒಂದು ದಿನ ನಮ್ಮ ಐದು ಮನೆಯಿಂದ ಐದು ಆಳು ಬಂದು ನಿಮ್ಮ ಬೆಟ್ಟ ಗುಡಿಸಿಕೊಡುತ್ತೇವೆ" ಎಂದೆ.

"ಖರೆನಾ?"

"ಖರೆ." ಕೈ ಕುಲುಕಿದೆವು. ಐತಿಹಾಸಿಕ ಒಪ್ಪಂದ! ಉಳಿದ ನಾಲ್ಕು ಮನೆಗಳಿಗೆ ಇನ್ನೂ ಸುದ್ದಿ ಹೋಗಿರಲಿಲ್ಲ, ಅಷ್ಟೇ.

ಸುದ್ದಿ ಸಂಜೆಯ ಚಹಾಕ್ಕೆ ತಲುಪಿತು. ಗಂಗಕ್ಕ ಲೋಟ ಕೆಳಗಿಟ್ಟಳು.

"ಯಾರನ್ನ ಕೇಳಿ ಮಾತು ಕೊಟ್ರಿ ಪೇಪರಣ್ಣ?"

"ತುರ್ತು ಪರಿಸ್ಥಿತಿ ಇತ್ತು."

"ಮಾತು ಕೊಡೂದು ನೀವು, ಹೊರೂದು ನಾವು. ಇದು ಯಾವ ಊರಿನ ಮುಯ್ಯಿ?"

ಮೂವತ್ತು ವರ್ಷದಲ್ಲಿ ಈ ಪ್ರಶ್ನೆಯನ್ನು ಎಷ್ಟೋ ದೇಶಗಳ ಬೀದಿಗಳಿಂದ ಕನ್ನಡಕ್ಕೆ ತಂದಿದ್ದೇನೆ. ಅದನ್ನು ಯಾರೂ ನನ್ನನ್ನೇ ಕೇಳಿರಲಿಲ್ಲ. ಆಳುವವರು ದೂರದಲ್ಲೆಲ್ಲೋ ಸಹಿ ಹಾಕುತ್ತಾರೆ, ಭಾರ ಮಾತ್ರ ಆ ಕೋಣೆಯಲ್ಲಿ ಇಲ್ಲದವರ ತಲೆಗೆ ಬರುತ್ತದೆ. ಆ ಸಾಲಿನಲ್ಲಿ ಈಗ ನಾನೂ ಸೇರಿದ್ದೆ.

ಗಂಗಕ್ಕನ ತೀರ್ಪು ಚಿಕ್ಕದಾಗಿತ್ತು. "ಮಂಜಪ್ಪಗೆ ಕೊಟ್ಟ ಮಾತು ತಪ್ಪೂದು ಬೇಡ. ಐದು ಆಳಿನ ಕೆಲಸ ನಿಮ್ಮ ಮನೆದೇ. ನೀವೊಬ್ಬರೇ ಐದು ದಿನ ಹೋಗಿ. ತೀರಿಸಿದ್ರೆ ಮುಂದಿನ ವಾರ ನಿಮ್ಮ ಬೆಟ್ಟಕ್ಕೆ ಬರ್ತೇವೆ. ಇಲ್ಲಾಂದ್ರೆ ಇಲ್ಲ."

ಶಾರದಾ ಎಲ್ಲ ಕೇಳಿ, ಉಳುಕಿದ ಕಾಲಿನ ಮೇಲೆ ನಿಲ್ಲಲು ನೋಡಿದಳು. "ನಾನೇ ಹೋಗ್ತೆ" ಎಂದಳು. ಆಗ ಮಾತ್ರ ನನಗೆ ನಿಜವಾಗಿ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಮಂಜಪ್ಪ ನನ್ನ ತೋಳುಗಳನ್ನು ಒಮ್ಮೆ ನೋಡಿದ. "ಇವ್ರ ಹತ್ರ ದರಕು ಹೊರ್ಸಿದ್ರೆ ಕಡಿಗೆ ನಾನೇ ಇವ್ರನ್ನ ಹೊರಬೇಕು" ಎಂದು ತನ್ನ ಅಲಸಂದೆ ಗದ್ದೆಯಲ್ಲಿ ಕೂರಿಸಿ, ಕೈಗೊಂದು ತಗಡಿನ ಡಬ್ಬಿ ಕೊಟ್ಟ. ಮಂಗ ಬಂದರೆ ಡಬ್ಬಿ ಬಡಿಯಬೇಕು. ಇಷ್ಟೇ ಕೆಲಸ.

ಮೊದಲ ದಿನ ಬಡಿದೆ. ಮಂಗಗಳು ಬೇಲಿಯ ಮೇಲೆ ಕುಳಿತು ಕೇಳಿದವು. ಎರಡನೆಯ ದಿನ ಸದ್ದಿಗಿಂತ ಸೌಹಾರ್ದ ಮೇಲೆಂದು ಯೋಚಿಸಿ, ಅಂಚಿನ ಒಂದು ಸಾಲನ್ನು ಅವಕ್ಕೆ ಬಿಟ್ಟುಕೊಟ್ಟೆ. ಅವು ತಿಂದು ಹೋದವು. ಶಾಂತಿ ನೆಲೆಸಿತು. ಮೂರನೆಯ ದಿನ ನೆಂಟರಿಷ್ಟರನ್ನು ಕರೆದುಕೊಂಡು ಬಂದವು! ಆಗ ಬಿಸಿಲು ಹಿತವಾಗಿತ್ತು, ಅಲಸಂದೆ ಬಳ್ಳಿಗಳು ಗಾಳಿಗೆ ತೂಗುತ್ತಿದ್ದವು, ಮತ್ತು ವರದಿಗಾರನ ಪ್ರಾಮಾಣಿಕತೆಯಿಂದ ಹೇಳುವುದಾದರೆ, ನಾನು ನಿದ್ದೆಯಲ್ಲಿದ್ದೆ. ಎಚ್ಚರವಾದಾಗ ನಾಲ್ಕು ಸಾಲು ಬೋಳಾಗಿದ್ದವು. ನನ್ನ ಬುತ್ತಿಯೂ ಇರಲಿಲ್ಲ. ಎದುರಿಗೆ ಮಂಜಪ್ಪ ನಿಂತಿದ್ದ.

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅಂಗಿ ಬಿಚ್ಚಿ" ಎಂದ.

ನಾನು ಬನಿಯನ್ನಿನಲ್ಲಿ ಮನೆಗೆ ನಡೆದೆ. ಗದ್ದೆಯಲ್ಲಿ ಎರಡು ಕೋಲು, ಒಂದಿಷ್ಟು ಹುಲ್ಲು ಸೇರಿ ನನ್ನ ಅಂಗಿ ತೊಟ್ಟು ನಿಂತವು. ಉಳಿದೆರಡು ದಿನ ಅಲಸಂದೆಯ ಒಂದು ಕಾಯಿಯೂ ಹೋಗಲಿಲ್ಲವಂತೆ.

ಲೆಕ್ಕ ಮುಗಿಸಿದವಳು ಗಂಗಕ್ಕ. "ಮೂರು ದಿನ ಪೇಪರಣ್ಣಂದು, ಎರಡು ದಿನ ಗೊಂಬೇದು. ಐದಾಯ್ತು." ನಾಲ್ಕು ಮನೆಯವರೂ ನಮ್ಮ ಬೆಟ್ಟಕ್ಕೆ ಬಂದರು. ಶಾರದಾ ಕುಂಟುತ್ತಲೇ ಎಲ್ಲರಿಗೂ ಅವಲಕ್ಕಿ ಕೊಟ್ಟಳು. ಅವಳ ಮುಖದಲ್ಲಿ ನಗು ಕಂಡು ನನ್ನ ಎದೆ ಹಗುರಾಯಿತು.

ಅಷ್ಟರಲ್ಲಿ ಮಂಜಪ್ಪನೂ ಬಂದ. ಅಂಗಿ ಹಿಂದಿರುಗಿಸಲು ಬಂದಿರಬೇಕೆಂದು ಕೈ ಚಾಚಿದೆ. ಅವನು ನನ್ನನ್ನು ದಾಟಿ ಶಾರದಾಳ ಹತ್ತಿರ ಹೋದ.

"ಅಕ್ಕ, ಇವ್ರದ್ದು ಇನ್ನೆಂತಾದ್ರೂ ಬಟ್ಟೆ ಇದ್ರೆ ಕೊಡಿ. ಮೇಲಿನ ಗದ್ದೆಗೂ ಒಬ್ರು ಬೇಕಾಗಿತ್ತು."

ಶಾರದಾ ನನ್ನ ಕಡೆ ತಿರುಗಿದಳು. ನಾನು ಉಟ್ಟಿದ್ದ ಲುಂಗಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೆ!